ಖಾನಾಪುರದಲ್ಲಿ ಸರ್ವರ್ ಪ್ರತಿಷ್ಠಾಪನೆ

ಪರಾಗನ ಕಷ್ಟಕ್ಕೆಲ್ಲ ಮೂಲ ಅವನೇ ತುಂಬಿದ ಒಂದು ಅರ್ಜಿ. ಆರು ತಿಂಗಳ ಹಿಂದೆ ಖಾಸಬಾಗದ ಕಂಪ್ಯೂಟರ್ ಕಂಪನಿಗೆ ಸೇರುವಾಗ, ವಿಂಡೋಸ್ ಬರುತ್ತದೆಯೋ ಲಿನಕ್ಸ್ ಬರುತ್ತದೆಯೋ ಎಂದು ಅದರಲ್ಲಿ ಕೇಳಿದ್ದರು. ಎರಡೂ ಬರುತ್ತವೆ ಎಂದು ಬರೆದ. ವಿಂಡೋಸೇನೋ ಬರುತ್ತಿತ್ತು. ಲಿನಕ್ಸನ್ನು ಅವನು ಬಲ್ಲದ್ದು ದೂರದ ಬೀಗರನ್ನು ನಾವು ಬಲ್ಲಷ್ಟು: ಹೆಸರು ಗೊತ್ತು, ಎದುರಿಗೆ ಬಂದರೆ ಮಾತು ಹುಟ್ಟುವುದಿಲ್ಲ.

ಮ್ಯಾನೇಜರ್ ಶುಭದಾ ಮೇಡಂ ಅವನನ್ನು ಖಾನಾಪುರದ ಹಾಲಿನ ಸಂಘಕ್ಕೆ ಕಳಿಸಿದರು. ಹಳ್ಳಿಹಳ್ಳಿಯ ಡೇರಿಯ ಕಂಪ್ಯೂಟರುಗಳೆಲ್ಲ ಒಂದೇ ದೊಡ್ಡ ಯಂತ್ರದ ಮಾತು ಕೇಳುವಂತೆ ಮಾಡುವ ಸರ್ವರ್ ತಂತ್ರಾಂಶವನ್ನು ಅಲ್ಲಿ ಇನ್‌ಸ್ಟಾಲ್ ಮಾಡಬೇಕು. ಯಂತ್ರದಲ್ಲಿರುವುದು ವಿಂಡೋಸ್, ಎರಡು ತಾಸಿನ ಕೆಲಸ. ಸಂಜೆ ಐದರೊಳಗೆ ಸಂಘದವರ ಸಹಿಯೂ ಶಿಕ್ಕಾದ ಮೊಹರೂ ಇರುವ ಕಾಗದ ತಂದರೆ ನೌಕರಿ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದರು.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಂಘ ಎಲ್ಲಿ ಎಂದು ಕೇಳಿದ. ಚಹಾದಂಗಡಿಯವನು ಎರಡು ಮಹಡಿಯ ಕಟ್ಟಡವೊಂದನ್ನು ತೋರಿಸಿದ. ಪರಾಗ ಕಂಡ ಮೊದಲ ಬಾಗಿಲು ಹೊಕ್ಕು, ಸರ್ವರ್ ಕೆಲಸಕ್ಕೆ ಬಂದಿದ್ದೇನೆ ಎಂದ. ಕಾರ್ಯದರ್ಶಿ ಗುರುಪಾದಪ್ಪನವರು ಕುರ್ಚಿ ಬಿಟ್ಟು ಎದ್ದುಬಂದರು.

"ಬರ್ರಿ ಸಾಹೇಬ್ರ, ಕುಂದರ್ರಿ. ಮಶೀನ್ ಬಂದು ಎಂಟು ತಿಂಗಳಾತು. ಯಾರರೆ ಬಂದು ಚಾಲೂ ಮಾಡ್ತಾರಂತ ಹಾದಿ ಕಾಯಾಕತ್ತೇವಿ."

ಯಂತ್ರ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು, ಬಾಣಂತಿಯ ಹಾಗೆ ಬೆಚ್ಚಗೆ ಕುಳಿತಿತ್ತು. ಗುಮಾಸ್ತೆ ಸಿದ್ದಕ್ಕ ಅದಕ್ಕೆ ವಿಭೂತಿ ಬಳಿದು, ಗಾಳಿಯಾಡುವ ತೂತುಗಳಿಗೆಲ್ಲ ಒಂದೊಂದು ಚೆಂಡುಹೂ ಸಿಕ್ಕಿಸಿದ ಮೇಲೆಯೇ ಸ್ವಿಚ್ ಒತ್ತಲು ಬಿಟ್ಟಳು. ಪರಾಗ ಒತ್ತಿದ. ಪರದೆ ರೊಟ್ಟಿಹಂಚಿನಂತೆ ಕಪ್ಪಗಾಯಿತು. ಮೂಲೆಯಲ್ಲೊಂದು ಬಿಳಿ ಗೆರೆ ಮಿಟುಕತೊಡಗಿತು. ಲಿನಕ್ಸ್.

ಮೇಡಂಗೆ ಫೋನ್ ಮಾಡೋಣವೆಂದರೆ ಅರ್ಜಿಯಲ್ಲಿ ಬರೆದ ಸುಳ್ಳು ಬಯಲಿಗೆ ಬರುತ್ತದೆ. ಪೆನ್‌ಡ್ರೈವಿನಲ್ಲಿ ಎರಡೂ ಬಗೆಯ ತಂತ್ರಾಂಶ ಇತ್ತು. ಮೊಬೈಲಿನಲ್ಲಿ ವಿಧಾನ ಹುಡುಕಿ, ಒಂದೊಂದೇ ಸಾಲು ನೋಡಿ ಟೈಪು ಮಾಡತೊಡಗಿದ. ನಡುವೆ ಮೇಡಮ್ಮೇ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಕಟ್ ಮಾಡಿದ.

ಪ್ರತಿ ಸಾಲಿಗೂ ಯಂತ್ರ, ನಿನಗೆ ಆ ಅಧಿಕಾರವಿಲ್ಲ ಎನ್ನುತ್ತಿತ್ತು. ಗುರುಪಾದಪ್ಪನವರಿಗೆ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು.

"ಹನ್ನೆರಡು ವರ್ಷದಿಂದ ಸೆಕ್ರೆಟರಿ ಅದೇನಿ," ಎಂದರು ಅವರು. "ನನಗ ಅಧಿಕಾರ ಇಲ್ಲಂತ ಹೇಳಾಕ ಇದ್ಯಾವುದ್ರಿ?"

ತಮ್ಮ ಪೂರ್ತಿ ಹೆಸರು, ಹುದ್ದೆ ಟೈಪು ಮಾಡಿಸಿದರು. ಯಂತ್ರ ಬಗ್ಗಲಿಲ್ಲ. ಕಡೆಗೆ ಯಂತ್ರ ಬಂದಿದ್ದ ಡಬ್ಬಿಯ ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಪಾಸ್‌ವರ್ಡ್ ಸಿಕ್ಕಿತು. ಒಡೆಯನ ದನಿ ಕೇಳಿದ ಎತ್ತಿನಂತೆ ಯಂತ್ರ ಹೆಜ್ಜೆ ಕಿತ್ತಿತು. ನೂರಕ್ಕೆ ಮೂವತ್ತು, ಐವತ್ತು, ಎಂಬತ್ತು. ತೊಂಬತ್ತಾರು ಆದಾಗ ಎಲ್ಲವೂ ಆರಿತು. ಪರದೆ, ಫ್ಯಾನು, ದೀಪ.

ಒಂದೂವರೆಯಾಗಿತ್ತು. ಊಟಕ್ಕೆ ಹೊರಟ ಸಿಪಾಯಿ ಬಸಯ್ಯ ಮೇನ್ ಸ್ವಿಚ್ ಇಳಿಸಿ, ಕೈ ಝಾಡಿಸಿಕೊಳ್ಳುತ್ತಿದ್ದ.

"ಇಪ್ಪತ್ತಾರು ವರ್ಷ ಆತ್ರಿ," ಎಂದ. "ಊಟದ ಹೊತ್ತಿಗೆ ಒಂದಿನಾನೂ ಕರೆಂಟ್ ಹಾಳ ಮಾಡಿಲ್ಲ."

ಅವನ ನಿಷ್ಠೆಯನ್ನು ಎಲ್ಲರೂ ಮೆಚ್ಚಿದರು. ಇಂಥವರು ಈಗೆಲ್ಲಿ ಸಿಗುತ್ತಾರೆ ಎಂದು ಸಿದ್ದಕ್ಕ ಪರಾಗನನ್ನೇ ಕೇಳಿದಳು. ಪರಾಗನೂ ಹೂಂ ಎನ್ನಬೇಕಾಯಿತು. ಶಿಕ್ಕಾ ಅವರ ಕೈಯಲ್ಲಿತ್ತು.

ಎಲ್ಲವನ್ನೂ ಮೊದಲಿನಿಂದ ಮಾಡಿದ. ಅರ್ಧಕ್ಕೆ ಯಂತ್ರ ಬಿಸಿಯೇರಿ ನಿಂತುಹೋಯಿತು. ತೂತಿನಿಂದ ಬಾಡಿದ ಹೂಗಳನ್ನು ಕಿತ್ತು, ರಟ್ಟಿನಿಂದ ಗಾಳಿ ಬೀಸುತ್ತ ಮತ್ತೆ ನಡೆಸಿದ. ನಾಲ್ಕೂವರೆಗೆ ಸರ್ವರ್ ಎದ್ದಿತು. ಪರಾಗನ ಬೆನ್ನು ಕುಡುಗೋಲಾಗಿತ್ತು. ಗುರುಪಾದಪ್ಪನವರು ಕಾಗದಕ್ಕೆ ಸಹಿ ಮಾಡಿ, ಶಿಕ್ಕಾದ ಮೇಲೆ ಊದಿ, ಮೇಜು ಅಲುಗುವಂತೆ ಒತ್ತಿದರು. ಪರಾಗ ಓದುವ ಗೋಜಿಗೂ ಹೋಗದೆ ಅದನ್ನು ಕಿಸೆಗಿಳಿಸಿದ. ಕಾಯಂ ನೌಕರಿ ಎದೆಗೆ ಬೆಚ್ಚಗೆ ತಾಗುತ್ತಿತ್ತು.

ಅಷ್ಟರಲ್ಲಿ ಪರದೆಗೆ ಕಣ್ಣು ಹಚ್ಚಿದ್ದ ಸಿದ್ದಕ್ಕ ಕೇಳಿದಳು: "ಇದು ಎಮ್ಮಿ ಹಾಲೋ ಆಕಳ ಹಾಲೋ ಅಂತ ಕೇಳಾಕತ್ತೈತ್ರಿ. ಯೂರಿಯಾ ಚೀಲಕ್ಕ ಏನಂತ ಬರೀಲಿ?"

ಪರಾಗನಿಗೆ ಯೂರಿಯಾ ಯಾಕೆ ಬಂತೆಂದು ತಿಳಿಯಲಿಲ್ಲ. ಗುರುಪಾದಪ್ಪನವರು ಸಾವಧಾನವಾಗಿ ತಿಳಿಸಿದರು: ತಮ್ಮದು ಗೊಬ್ಬರದ ಸಂಘ. ಹಾಲಿನವರು ಮಹಡಿಯ ಮೇಲೆ.

"ಮುಂಜಾನೆ ಯಾಕ ಹೇಳಲಿಲ್ರಿ?"

"ನೀವೆಲ್ಲಿ ಕೇಳಿದ್ರಿ?"

ಪರಾಗ ಮೆಟ್ಟಿಲು ಹತ್ತಿದ್ದು ಅವನಿಗೇ ಗೊತ್ತಾಗಲಿಲ್ಲ. ಮೇಲೆ ಹಾಲಿನ ಸಂಘದ ಕಲ್ಲಯ್ಯನವರು ಬಾಗಿಲಿಗೆ ಕೀಲಿ ಹಾಕುತ್ತಿದ್ದರು. ಇವನನ್ನು ಕಂಡು ಮುಖ ಅರಳಿಸಿದರು.

"ನೀವು ಕೆಳಗಿನವರ ಎಂಜಿನಿಯರ್ ಅಲ್ಲೇನ್ರಿ? ಊಟಾ ಬಿಟ್ಟು, ಗಾಳಿ ಬೀಸಿ ಕೆಲಸ ಮಾಡಿದ್ದನ್ನ ಮೆಟ್ಟಿಲ ಮ್ಯಾಲಿಂದ ನೋಡೇನಿ. ನಮಗೂ ಒಬ್ಬಾಂವ ಬರಾಂವಿದ್ದ. ಆ ಪುಣ್ಯಾತ್ಮ ಮಾರಿ ತೋರಿಸ್ಲಿಲ್ಲ. ಅವರ ಮೇಡಮ್ಮಗ ಫೋನ್ ಹಚ್ಚಿ ಖರೇ ಇದ್ದದ್ದು ಹೇಳೇನಿ."

ಆ ಬರಬೇಕಾದವನು ತಾನೇ ಎನ್ನಲು ಪರಾಗ ಬಾಯಿ ತೆರೆದ. ಕಿಸೆಯ ಫೋನ್ ಬಡಿದುಕೊಂಡಿತು. ಈ ಸಲ ಕಟ್ ಮಾಡುವ ಧೈರ್ಯವಾಗಲಿಲ್ಲ.

ಶುಭದಾ ಮೇಡಂ ಕೂಗಾಡಲಿಲ್ಲ. ಇಡೀ ದಿನ ಎಲ್ಲಿ ತಿರುಗುತ್ತಿದ್ದೆ ಎಂದು ಕೂಡ ಕೇಳಲಿಲ್ಲ. ನಾಳೆಯಿಂದ ಬರಬೇಡ ಎಂದಷ್ಟೇ ಹೇಳಿದರು. ಆಮೇಲೆ ದನಿ ತುಸು ಮೆದುವಾಯಿತು.

"ಹೋಗೂ ಮುಂದ ಒಂದು ಕೆಲಸ ಮಾಡು. ಅಲ್ಲಿ ಕೆಳಗ ಗೊಬ್ಬರದ ಸಂಘಕ್ಕ ಯಾರೋ ಒಬ್ಬ ಭಾಳ ಶಾಣ್ಯಾ ಹುಡುಗ ಬಂದಾನಂತ, ಕಲ್ಲಯ್ಯನವರು ಹೇಳಿದ್ರು. ನಿನ್ನ ಜಾಗಾಕ್ಕ ಅವನ್ನ ತಗೋಬೇಕಂತ ಮಾಡೇನಿ. ಅವನ ನಂಬರ್ ಇಸ್ಕೊಂಡು ಹೇಳು, ಬರಕೋತೇನಿ."

ಪರಾಗ ಗೋಡೆಗೆ ಒರಗಿ, ಸಣ್ಣ ದನಿಯಲ್ಲಿ ಒಂದೊಂದೇ ಅಂಕಿ ಹೇಳತೊಡಗಿದ. ಏಳನೆಯ ಅಂಕಿಗೆ ಅತ್ತ ಪೆನ್ನಿನ ಸದ್ದು ನಿಂತಿತು. ಎಂಟನೆಯದಕ್ಕೆ ಫೋನೇ ನಿಂತಿತು.