ಕುರಿಯ ಕೊರಳಿಗೆ ಆಂಟೆನಾ

ತಾಮ್ರದ ಎಳೆ ಬಿರುಕು ಬಿಡಬಹುದು. ಬೆಲ್ಟು ಬಾಗಿದಾಗ ಆಂಟೆನಾದ ಶ್ರುತಿ ಕೆಡಬಹುದು. ಕುರಿಯ ಮೈಯ ನೀರಂಶವೇ ರೇಡಿಯೋ ಅಲೆಯನ್ನು ಕುಡಿದುಬಿಡಬಹುದು. ಒಂದು ಕುರಿಯ ಬೆಲ್ಟನ್ನು ಇನ್ನೊಂದು ಮೇಯಬಹುದು. ಬರಗೂರಿನ ಬಸ್ಸೇ ಕೈಕೊಡಬಹುದು. ಚಿಂತೆಗೆ ಕೂತರೆ ನಾನು ಹೀಗೆ ಅಚ್ಚುಕಟ್ಟಾಗಿ ಕೂರುತ್ತೇನೆ; ಐವತ್ತು ದಾಟಿದ ಮೇಲೆ ಕೈಗೂಡಿದ ವಿದ್ಯೆ ಅದೊಂದೇ. ಸ್ಟೆಪ್ನಿ ಇಲ್ಲದೆ ಎಲ್ಲಿಗೂ ಹೊರಡುವವನಲ್ಲ. ಮದುವೆಮನೆಗೂ ಎರಡು ಕನ್ನಡಕ, ಹೆಚ್ಚಿಗೆ ಒಂದು ಜೊತೆ ಚಪ್ಪಲಿ ಒಯ್ಯುತ್ತೇನೆ.

ಶಿರಾದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ನಾನು. ಎರಡು ವರ್ಷದಿಂದ ಬಟ್ಟೆಯ ಮೇಲೆ ತಾಮ್ರದ ಎಳೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಮಡಿಸಿ, ಗೇಣುದ್ದದ ಆಂಟೆನಾವನ್ನು ನಾಲ್ಕು ಬೆರಳಗಲಕ್ಕೆ ಇಳಿಸಿದ್ದೆ. ಅದನ್ನು ಹೊತ್ತ ಟ್ಯಾಗಿಗೆ ಬ್ಯಾಟರಿಯಿಲ್ಲ. ಕುರಿ ಎಣಿಸಲು ದೊಡ್ಡಿಯ ಬಾಗಿಲಲ್ಲಿಟ್ಟ ಯಂತ್ರ ಅಲೆ ಕಳಿಸಿ ಕರೆದರೆ, ಆ ಅಲೆಯ ಬಲದಿಂದಲೇ ತನ್ನ ನಂಬರು ಹೇಳಿ ಸುಮ್ಮನಾಗುತ್ತದೆ. ಮನೆಯಲ್ಲಿ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ.

ಬರಗೂರಿನ ಚಿಕ್ಕಣ್ಣ ತನ್ನ ನಲವತ್ತು ಕುರಿಗಳಿಗೆ ಈ ಟ್ಯಾಗಿನ ಬೆಲ್ಟು ಕಟ್ಟಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಲೆಕ್ಕ ಒಂದು ತಪ್ಪಿದ್ರೂ ಎಲ್ಲಾ ಬಿಚ್ಕಂಡು ಹೋಗ್ಬುಡ್ಬೇಕು ಮೇಷ್ಟ್ರೇ." ಅವನ ಹೆಂಡತಿ ಕರಿಯಮ್ಮನಿಗೆ ಎಣಿಸುವುದೇ ಸರಿಬರದು. "ಮಕ್ಳನ್ನ ಯಾರಾನ ಎಣಿಸ್ತಾರಾ? ಮಖ ನೋಡಿದ್ರೆ ಗೊತ್ತಾಗಲ್ವಾ?"

ಬೆಲ್ಟು ಕಟ್ಟಿದ ದಿನ ಸಂಜೆ ಕುರಿಗಳು ರೊಪ್ಪದೊಳಗೆ ನುಗ್ಗಿದವು. ಬಾಗಿಲ ಪಕ್ಕ ಯಂತ್ರಕ್ಕೆ ಒತ್ತಿಕೊಂಡೇ ನಿಂತಿದ್ದೆ. ಆಂಟೆನಾಗಳು ಬಾಗಿದವು, ಉಜ್ಜಿಸಿಕೊಂಡವು, ಧೂಳು ಮೆತ್ತಿಕೊಂಡವು. ಒಂದೂ ಮಾತು ತಪ್ಪಲಿಲ್ಲ. ಕೊನೆಗೆ ಪರದೆಯ ಮೇಲೆ ಬಂದದ್ದು ನಲವತ್ತೊಂದು.

ಚಿಕ್ಕಣ್ಣನ ಮುಖ ಕಪ್ಪಿಟ್ಟಿತು. "ಲೇ, ಯಾರ್ದೋ ಕುರಿ ಸೇರ್ಕಂಡೈತೆ ಕಣೇ! ಊರಲ್ಲಿ ನನ್ನ ಕಳ್ಳ ಅಂತಾರೆ." ಬೆಲ್ಟಿಲ್ಲದ ಕುರಿಯನ್ನು ಯಂತ್ರ ಎಣಿಸದು ಎಂದು ಹೇಳಬೇಕಾದ ನಾನೇ ಗಾಬರಿಯಲ್ಲಿ ಅವನ ಜೊತೆ ಬಗ್ಗಿ ಕುರಿಗಳ ಕಿವಿಯ ಗುರುತು ನೋಡುತ್ತಿದ್ದೆ. ಎರಡು ವರ್ಷದ ಕೆಲಸ ಬೆಲ್ಟಿನೊಂದಿಗೆ ಬಿಚ್ಚಿಕೊಂಡು ಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು. ಕರಿಯಮ್ಮ ಮಂದೆಯೊಳಗೆ ಒಂದು ಸುತ್ತು ಹಾಕಿ ಎಲ್ಲರ ಮುಖ ನೋಡಿದಳು. "ಎಲ್ಲಾ ನಮ್ವೇ," ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಮೇಷ್ಟ್ರೇ, ನೀವೊಸಿ ಆ ಹುಣಸೆಮರದ ತಾವ ನಿಂತ್ಕಳಿ. ಇನ್ನೊಂದ್ಸಲ ಬುಡಾನ."

ನಿಂತೆ. ಯಂತ್ರ ನಲವತ್ತು ಎಂದಿತು.

ಎದೆಯ ಮೇಲೆ ಕೈಯಿಟ್ಟುಕೊಂಡಾಗ ಜೇಬಿನಲ್ಲಿ ಏನೋ ತಾಗಿತು: ಯಾವುದಕ್ಕೂ ಇರಲಿ ಎಂದು ತಂದಿದ್ದ ಸ್ಟೆಪ್ನಿ ಟ್ಯಾಗು.

"ಮಿಷಿನ್ನು ಸರ್ಯಾಗೇ ಐತೆ, ಬೆಲ್ಟು ಇರ್ಲಿ ಬುಡಿ," ಎಂದ ಚಿಕ್ಕಣ್ಣ, ನಗು ತಡೆದುಕೊಂಡು. ಬೆಚ್ಚಗಿರುವ, ಬೆವರುವ, ಬೆದರಿದ ಮೈಗೆ ಅಂಟಿಕೊಂಡಿದ್ದರೂ ಈ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ವರದಿಯಲ್ಲಿ ಬರೆದಿದ್ದೇನೆ. ಯಾವ ಪ್ರಾಣಿಯ ಮೈ ಎಂದು ಬರೆದಿಲ್ಲ.