ಬೆಂಚಿನ ಕಾಲಡಿಯ ನಿಯಮ

ಅಂದು ಬೆಳಿಗ್ಗೆ ಸೈಕಲ್ ರಿಪೇರಿಯವನ ಎರಡೂ ಕೈಗೆ ಗ್ರೀಸ್ ಮೆತ್ತಿಕೊಂಡಿರದಿದ್ದರೆ ಇಷ್ಟೆಲ್ಲ ಅವಾಂತರ ಆಗುತ್ತಲೇ ಇರಲಿಲ್ಲ. ಶಿಕ್ಷಣ ಇಲಾಖೆಯ ಲಕೋಟೆ ಬಂದಾಗ ಅವನು ಒಂದು ಹಟಮಾರಿ ಚೈನಿನೊಡನೆ ಹೋರಾಡುತ್ತಿದ್ದ.

"ನೀವೇ ಒಡೆದು ಓದಿಬಿಡಿ ಅಣ್ಣ" ಎಂದ ಅಂಚೆಯವನಿಗೆ.

ಅಂಚೆಯವನದು ಕಂಚಿನ ಕಂಠ. ಮನೆಯಲ್ಲಿಯೇ ಮಕ್ಕಳಿಗೆ ಕಲಿಸಲು ಕೋರಿದ ಅನುಮತಿಯ ಸಂಬಂಧ ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ತನಿಖಾಧಿಕಾರಿಗಳು ಭೇಟಿ ನೀಡುವರೆಂಬ ಒಕ್ಕಣೆ ಬೀದಿಯ ಎರಡೂ ತುದಿಗಳನ್ನು ಮುಟ್ಟಿತು.

"ಹಿಂದೆ ಇನ್ನೊಂದು ಹಾಳೆ ನಿಯಮ ಇದೆ. ಅದನ್ನ ನೀವೇ ಓದ್ಕೊಳ್ಳಿ, ನನಗಿನ್ನೂ ನಾಲ್ಕು ಬೀದಿ ಬಾಕಿ" ಎಂದು ಅವನು ಹೊರಟುಹೋದ.

ಸೈಕಲ್ ರಿಪೇರಿಯವನ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅರವತ್ತು ಮಕ್ಕಳ ನಡುವೆ ಎರಡು ವರ್ಷ ಕೂತ ಆ ಹುಡುಗಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಗಂಟೆ ಹೊಡೆಯಿತೆಂದರೆ ಅವಳಿಗೆ ಹೊಟ್ಟೆನೋವು. ಶಾಲೆ ಬಿಡಿಸಿ ಹಿತ್ತಲಿಗೆ ತಂದ ಆರು ತಿಂಗಳಲ್ಲಿ ಅವಳು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲ ಅಳೆದು, ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದಳು. ಜೊತೆಗೆ ಹಿಂದಿನ ಬೀದಿಯ ಇಬ್ಬರು ಮಕ್ಕಳು. ಅವರ ಹೆತ್ತವರೂ ಸರದಿಯಂತೆ ಬಂದು ಕಲಿಸುತ್ತಿದ್ದರು. ಅನುಮತಿ ಸಿಗದಿದ್ದರೆ ಸೋಮವಾರದಿಂದ ಮತ್ತೆ ಹಳೆಯ ಬೆಂಚು, ಹಳೆಯ ಹೊಟ್ಟೆನೋವು.

ಇಷ್ಟನ್ನೆಲ್ಲ ಕಲಿಸಬಲ್ಲವನಾಗಿದ್ದ ಆ ತಂದೆ ತಾನು ಕಲಿಯದೆ ಬಿಟ್ಟ ಮಾತು ಒಂದೇ: 'ಬೇಡ'.

ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು.

"ಏನಯ್ಯಾ, ಮಕ್ಕಳನ್ನ ಎಲ್ಲಿ ಕೂರಿಸ್ತೀಯ?"

"ಹಿತ್ತಲಲ್ಲಿ ಸರ್."

"ಹಿತ್ತಲು. ಪಾತ್ರೆ ತೊಳೆಯೋ ಜಾಗದಲ್ಲಿ ವಿದ್ಯೆ. ಅಧಿಕಾರಿಗಳು ನೋಡಿದ್ರೆ ಮೆಚ್ಕೋತಾರೆ, ಅಲ್ವಾ? ನಮ್ಮ ಶೆಡ್ಡಲ್ಲಿ ನಾಲ್ಕು ಬೆಂಚಿವೆ, ಹಿಡ್ಕೋ ಬಾ."

ವಿದ್ಯೆ ಬೆಂಚಿನಲ್ಲಿದೆಯೆಂದು ನಂಬಿದ ಸಮಾಜಕ್ಕೆ ಬೆಂಚು ದೊರೆಯುತ್ತದೆ, ವಿದ್ಯೆ ದೊರೆಯುವುದಿಲ್ಲ. ಇದನ್ನು ಎದೆ ತಟ್ಟಿ ಹೇಳಬೇಕಾಗಿದ್ದವನು ಆ ಹೊತ್ತಿಗೆ ಬೆಂಚಿನ ಇನ್ನೊಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದ.

ನಡುಮನೆಯಿಂದ ಮಂಚ ಹೊರಗೆ ಹೋಯಿತು, ಬೆಂಚುಗಳು ಒಳಗೆ ಬಂದವು. ಅವುಗಳಲ್ಲೊಂದು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಒಂದು ಕಾಲನ್ನು ಎತ್ತಿಯೇ ನಿಂತಿತು.

"ಏನಾದ್ರೂ ಕಾಗದ ಕೊಡಯ್ಯ, ಮಡಿಚಿ ಕಾಲಡಿಗೆ ಇಡೋಣ."

"ಇದು ಇಲಾಖೆಯ ನಿಯಮದ ಹಾಳೆ ಸರ್. ಇನ್ನೂ ಓದಿಲ್ಲ."

"ಮೂವತ್ತೈದು ವರ್ಷ ನಿಯಮದಲ್ಲೇ ಬದುಕಿದವನು ನಾನು. ನಂಗೆ ನಿಯಮ ತೋರಿಸ್ತೀಯಾ? ಇಲ್ಲಿ ತಾ."

ಹಾಳೆ ನಾಲ್ಕು ಮಡಿಕೆಯಾಗಿ ಬೆಂಚಿನ ಕಾಲಡಿಗೆ ಹೋಯಿತು. ಬೆಂಚು ಸಮಾಧಾನಗೊಂಡಿತು.

ಬಳಿಕ ಎದುರುಮನೆಯ ದರ್ಜಿ ಅಕ್ಕ ಮೂರು ಜೊತೆ ನೀಲಿ ಸಮವಸ್ತ್ರದೊಂದಿಗೆ ಬಂದಳು. ಸೈಕಲ್ ರಿಪೇರಿಯವನಿಗೆ, ಗಿರಾಕಿಯೊಬ್ಬ ಮರೆತುಹೋದ ಕೋಟನ್ನು ತೊಡಿಸಿದಳು.

"ಗುಂಡಿ ಹಾಕಿದ್ರೆ ಉಸಿರು ಬರಲ್ಲ ಅಕ್ಕ."

"ಅಧಿಕಾರಿ ಇರೋ ತನಕ ಉಸಿರು ಯಾಕೆ? ನೆಟ್ಟಗೆ ನಿಂತ್ಕೊ, ಸಾಕು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. "ಬೇಲೀಲಿ ಹೋಗೋ ಓತಿಕ್ಯಾತನ್ನ ಕಿವಿಗೆ ಬಿಟ್ಕೊಳ್ಳೋದು ಅಂದ್ರೆ ಇದೇ. ನಿಮಗೆ ನಾಲಿಗೆ ಇಲ್ವಾ?"

"ಪಾಪ, ಒಳ್ಳೇದಕ್ಕೇ ಮಾಡ್ತಿದ್ದಾರೆ" ಎಂದ ಅವನು, ಆದಷ್ಟು ಕಡಿಮೆ ಉಸಿರಿನಲ್ಲಿ.

ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಂದರು. ನಿವೃತ್ತಿಯ ದಿನ ತಮಗೆ ಕಾಣಿಕೆಯಾಗಿ ಬಂದಿದ್ದ ಹಿತ್ತಾಳೆ ಗಂಟೆಯನ್ನು ಬಾಗಿಲಿಗೆ ತೂಗುಹಾಕಿ ಒಮ್ಮೆ ಬಾರಿಸಿಯೂ ನೋಡಿದರು. ಮಗಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅವಳು ಉಳಿದಿಬ್ಬರನ್ನೂ ಕರೆದುಕೊಂಡು ಹಿತ್ತಲಿಗೆ ಓಡಿದಳು. ಸಿದ್ಧತೆಯ ಸಂಭ್ರಮದಲ್ಲಿ ಮಕ್ಕಳಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ.

ಮೂರು ಗಂಟೆಗೆ ಎಲ್ಲರೂ ಮುಂಬಾಗಿಲನ್ನು ನೋಡುತ್ತ ನಿಂತರು. ಅಧಿಕಾರಿಣಿ ಬಂದದ್ದು ಅಡುಗೆಮನೆಯಿಂದ, ಕೈಗಳನ್ನು ಒರೆಸಿಕೊಳ್ಳುತ್ತ.

"ಹಿಂದಿನ ಓಣೀಲಿ ನನ್ನ ಸೈಕಲ್ ಪಂಕ್ಚರ್ ಆಯ್ತು. ನಿಮ್ಮ ಮಕ್ಕಳೇ ಹಾಕಿಕೊಟ್ರು. ನಮ್ಮ ಕಚೇರಿಯಿಂದ ಇಲ್ಲಿಗೆ ಚಕ್ರ ಎರಡು ಸಾವಿರ ಸಲ ತಿರುಗಿದೆಯಂತೆ, ನಿಮ್ಮ ಮಗಳು ಲೆಕ್ಕ ಹಾಕಿದ್ಲು. ಆಮೇಲೆ, ಗಾಳಿ ಹೋದ ಮೇಲೆ ಚಕ್ರ ಸಣ್ಣದಾಗುತ್ತಲ್ಲ, ಆವಾಗ ಲೆಕ್ಕ ಹೇಗೆ ಅಂತ ನನ್ನನ್ನೇ ಕೇಳಿದ್ಲು. ನಂಗೆ ಗೊತ್ತಾಗ್ಲಿಲ್ಲ." ಆಕೆ ನಕ್ಕಳು. "ಅನುಮತಿ ಬರೆಯೋಕೆ ಆಗಲೇ ಪೆನ್ನು ಕೂಡ ತೆಗೆದಿದ್ದೀನಿ."

ಸೈಕಲ್ ರಿಪೇರಿಯವನ ಎದೆ ಉಬ್ಬಿತು. ಕೋಟಿನ ಒಂದು ಗುಂಡಿ ಹಾರಿ ಆಕೆಯ ಕಾಲ ಬಳಿ ಬಿತ್ತು. ಅದನ್ನು ನೋಡಲು ತಗ್ಗಿದ ಆಕೆಯ ತಲೆ ಮೇಲೆದ್ದಾಗ ನಡುಮನೆ ಕಣ್ಣಿಗೆ ಬಿತ್ತು.

"ಇದೇನು?"

"ಶಾಲೆ ಮೇಡಂ" ಎಂದರು ಹೆಡ್‌ಮಾಸ್ತರರು, ಗಂಟೆಯನ್ನು ಗಣಗಣ ಬಾರಿಸಿ. "ಯಾವುದಕ್ಕೂ ಕೊರತೆ ಇಲ್ಲ. ನಾನು ಮುಖ್ಯೋಪಾಧ್ಯಾಯ."

"ನಿಯಮದ ಹಾಳೆ ಕಳಿಸಿದ್ವಲ್ಲ, ಓದ್ಲಿಲ್ವಾ?"

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು. ಆಕೆ ಬಗ್ಗಿ ಬೆಂಚಿನ ಕಾಲಡಿಯಿಂದ ಹಾಳೆ ಎಳೆದಳು. ಬೆಂಚು ಮತ್ತೆ ಮುನಿಸಿಕೊಂಡಿತು.

"ಐದನೇ ನಿಯಮ. ಗಂಟೆ, ಸಾಲು ಬೆಂಚು, ಸಮವಸ್ತ್ರ, ಹಾಜರಿ ಪುಸ್ತಕ, ಮುಖ್ಯೋಪಾಧ್ಯಾಯ, ಇವುಗಳಲ್ಲಿ ಮೂರು ಕಂಡುಬಂದಲ್ಲಿ ಅಂಥ ಸ್ಥಳವನ್ನು ಮನೆಯೆಂದು ಪರಿಗಣಿಸತಕ್ಕದ್ದಲ್ಲ." ಆಕೆ ಹಾಳೆ ಮಡಿಚಿದಳು. "ಇಲ್ಲಿ ಐದೂ ಇವೆ. ಶಾಲೆಗೆ ಬೇಕಾದ್ದೆಲ್ಲ ಇದೆ, ಮಕ್ಕಳು ಮಾತ್ರ ಇಲ್ಲ. ಅವರು ಹಿತ್ತಲಲ್ಲಿ ಕಲೀತಿದ್ದಾರೆ."

"ಈಗಲೇ ಎಲ್ಲಾ ಹೊರಗೆ ಹಾಕ್ತೀನಿ ಮೇಡಂ" ಎಂದ ಸೈಕಲ್ ರಿಪೇರಿಯವನು.

"ಕಣ್ಣಾರೆ ನೋಡಿದ್ದನ್ನ ನೋಡಿಲ್ಲ ಅಂತ ಹೇಗೆ ಬರೀಲಿ? ಮಕ್ಕಳನ್ನ ಹಳೇ ಶಾಲೆಗೆ ಕಳಿಸಿ. ಇಲ್ಲಾಂದ್ರೆ ಇದನ್ನೇ ಸಣ್ಣ ಶಾಲೆ ಅಂತ ಒಂದು ವರ್ಷಕ್ಕೆ ಮಂಜೂರು ಮಾಡ್ತೀನಿ. ಈ ಕ್ಷಣದಿಂದ ಜಾರಿ. ಬೇಕಾ, ಬೇಡವಾ?"

ಅವನಿಗೆ 'ಬೇಡ' ಬರುತ್ತಿರಲಿಲ್ಲವೆಂಬುದನ್ನು ಮೊದಲೇ ಹೇಳಿದ್ದೇವೆ.

ಶಾಲೆಗೆ ಒಬ್ಬ ಜವಾನನೂ ಇರತಕ್ಕದ್ದೆಂದು ಇನ್ನೊಂದು ನಿಯಮವಿತ್ತು. ಕೋಟು ತೊಟ್ಟು ಖಾಲಿ ನಿಂತವನು ಒಬ್ಬನೇ ಇದ್ದ; ಆ ಕೆಲಸ ಅವನಿಗೇ ಬಿತ್ತು. ಅಧಿಕಾರಿಣಿ ಸಹಿ ಮಾಡಿ ಸೈಕಲ್ ಏರಿದೊಡನೆ ಹೆಡ್‌ಮಾಸ್ತರರಿಗೆ ಹತ್ತು ವರ್ಷ ಕಡಿಮೆಯಾದಂತೆ ತೋರಿತು. "ಗಂಟೆ ಬಾರಿಸಯ್ಯ" ಎಂದರು. ಅವನು ಮೊದಲು ಪಂಕ್ಚರಿನ ರಬ್ಬರ್ ತುಂಡೊಂದನ್ನು ಗಂಟೆಯ ನಾಲಿಗೆಗೆ ಅಂಟಿಸಿ ಬಳಿಕ ಬಾರಿಸಿದ. 'ಟಪ್' ಎಂದಿತು. ಹಿತ್ತಲಿಂದ ಬಂದು ಬೆಂಚಿನಲ್ಲಿ ಕೂತ ಮಗಳ ಕೈ ಹೊಟ್ಟೆಗೆ ಹೋಗಲಿಲ್ಲ. ಅಷ್ಟಕ್ಕೇ ಅವನಿಗೆ ದಿನವೆಲ್ಲ ಸಾರ್ಥಕವೆನಿಸಿತು.

ಐದು ನಿಮಿಷವಾಗಿರಲಿಲ್ಲ, ಮಗಳು ಎದ್ದು ರಜಾಚೀಟಿ ಕೊಟ್ಟಳು. ಹೆಡ್‌ಮಾಸ್ತರರು ಗಟ್ಟಿಯಾಗಿ ಓದಿದರು: "ಮಾನ್ಯರೇ, ಹಿತ್ತಲಲ್ಲಿ ಕಲಿಯುವುದು ಬಹಳ ಇರುವುದರಿಂದ ಶಾಲೆಗೆ ರಜೆ ನೀಡಬೇಕಾಗಿ ವಿನಂತಿ." ಕನ್ನಡಕದ ಮೇಲಿಂದ ನೋಡಿ, "ತಂದೆ ಸಹಿ ಎಲ್ಲಿ?" ಎಂದರು.

ಬಾಗಿಲ ಬಳಿಯಿಂದ ಸೈಕಲ್ ರಿಪೇರಿಯವನು ಧಾವಿಸಿ ಬಂದು ಪೆನ್ನಿಗೆ ಕೈ ಚಾಚಿದ.

"ನೀನಲ್ಲಯ್ಯ. ಶಾಲೆ ಹೊತ್ತಲ್ಲಿ ನೀನು ಜವಾನ. ಹೋಗಮ್ಮ, ಮನೆಗೆ ಹೋಗಿ ತಂದೆ ಕೈಲಿ ಹಾಕಿಸ್ಕೊಂಡು ಬಾ."

ಮಗಳು ಮಂಚವಿದ್ದ ಜಾಗವನ್ನೂ ನಾಲ್ಕು ಗೋಡೆಗಳನ್ನೂ ಕೊನೆಗೆ ಅಪ್ಪನನ್ನೂ ನೋಡಿ, ಕೈ ಎತ್ತಿ ಕೇಳಿದಳು:

"ಸರ್, ನಮ್ಮನೆ ಎಲ್ಲಿದೆ?"

ಶಾಲೆಯೊಂದರಲ್ಲಿ ಅವಳು ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು. ಜವಾನ ಸಂತೋಷ ತಡೆಯಲಾಗದೆ ಗಂಟೆ ಬಾರಿಸಿಬಿಟ್ಟ. ಹೊತ್ತಿಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದ ತಪ್ಪಿಗೆ ಹೆಡ್‌ಮಾಸ್ತರರು ಅವನನ್ನು ಮುನಿಸಿಕೊಂಡ ಬೆಂಚಿನ ಮೇಲೆ ನಿಲ್ಲಿಸಿದರು.