ಏಳನೆಯ ಬೇರು

ಆರು ಬೇರುಗಳ ಹೆಸರು ಬರೆದಾದ ಮೇಲೆ ಏಳನೆಯದು ಹೊಳೆಯಲಿಲ್ಲ. ರುಚಿರಾಯನ ಕಷ್ಟ ಶುರುವಾದದ್ದು ಅಲ್ಲಿಂದ.

ರುಚಿರಾಯ ಎಂಬುದು ಕಚೇರಿಯವರು ಇಟ್ಟ ಹೆಸರು. ಪತ್ರಿಕೆಯಲ್ಲಿ ವಾರಕ್ಕೊಂದು ಊರಿನ ಊಟದ ಬಗ್ಗೆ ಅವನು ಬರೆಯುತ್ತಿದ್ದ. ಹೊಟ್ಟೆಯೋ, ಹಾಲು ಬ್ರೆಡ್ಡು ಬಿಟ್ಟು ಬೇರೆ ಏನನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ರೈಲಿನ ವೇಳಾಪಟ್ಟಿಯಲ್ಲಿ ಯಾರೂ ಇಳಿಯದಂಥ ಊರೊಂದನ್ನು ಆರಿಸಿ, ಕುರ್ಚಿಯಲ್ಲಿ ಕೂತೇ ಉಂಡುಬಿಡುತ್ತಿದ್ದ. ಆ ವಾರ ಉಂಡದ್ದು ಏಳು ಬೇರಿನ ಸಾರು. ಇನ್ನೂರು ವರ್ಷದ ಅಡುಗೆಮನೆ, ನೀಲಿ ಬಾಗಿಲು, ಎಡಗಣ್ಣು ಮುಚ್ಚಿಕೊಂಡೇ ಸೌಟು ತಿರುಗಿಸುವ ಅಜ್ಜಿ, ಎಲ್ಲ ತಾವಾಗಿಯೇ ಬಂದವು. ಏಳನೆಯ ಬೇರು ಮಾತ್ರ ಬರಲೊಲ್ಲದು. ಪುಟ ಕಟ್ಟುವವನು ಬಾಗಿಲಲ್ಲಿ ನಿಂತು ಕೆಮ್ಮಿದ. ರುಚಿರಾಯ ಪದ್ಯ ಮುಗಿಸುವವರಂತೆ ಕಡೆಯ ಸಾಲನ್ನು ಎಳೆದ: 'ಏಳನೆಯ ಬೇರನ್ನು ಬಲ್ಲವರು ಒಬ್ಬರೇ. ಬಲ್ಲವರು ಆ ಒಲೆ ಬಿಟ್ಟು ಹೋಗುವುದಿಲ್ಲ.'

ತಿಂಗಳ ಮೇಲೆ ಒಂದು ಬೆಳಗ್ಗೆ ಸಂಪಾದಕರು ಕರೆದರು. "ರೀ ರುಚಿರಾಯರೇ, ಯಜಮಾನರಿಗೆ ಅನುಮಾನ ಬಂದಿದೆ. ಆ ಏಳು ಬೇರಿನ ಸಾರಿನ ಊರಲ್ಲಿ ಅಂಥ ಮನೆಯೇ ಇಲ್ಲ ಅಂತ ಯಾರೋ ಹೇಳಿದಾರೆ. ಇವತ್ತು ಐದು ಗಂಟೆಯೊಳಗೆ, ಒಲೆ ಮುಂದೆ ಅಡುಗೆಯವರು ನಿಂತಿರೋ ಫೋಟೋ ಬರಬೇಕು. ಬರಲಿಲ್ಲವೋ, ನಾಳೆಯಿಂದ ನಿಮ್ಮ ಕುರ್ಚೀಲಿ ಪದಬಂಧದವನು ಕೂರ್ತಾನೆ."

ಯಾವುದೋ ಒಲೆ, ಯಾರೋ ಒಬ್ಬ ಅಜ್ಜಿ, ಅಷ್ಟು ಸಾಕು ಎಂದುಕೊಂಡು ಅವನು ರೈಲು ಹತ್ತಿದ.

ಇಳಿದಾಗ ನಾಲ್ಕು ಗಂಟೆ. ನಿಲ್ದಾಣದಲ್ಲಿ ಇಳಿದವನು ಅವನೊಬ್ಬನೇ. ಬೀದಿಯ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು, ಮಾತು ಬಾಯಿಗೆ ಬಂದು ನಿಂತವರ ಹಾಗೆ. ಕ್ಷೌರದಂಗಡಿಯೊಳಗೆ ಇಣುಕಿ ಕೇಳಿದ, "ಇಲ್ಲಿ ಯಾವುದಾದ್ರೂ ಹಳೇ ಅಡುಗೆಮನೆ ಇದೆಯಾ?"

ಕ್ಷೌರಿಕ ಕತ್ತಿ ನಿಲ್ಲಿಸಲಿಲ್ಲ. "ಏಳು ಬೇರಿನ ಸಾರಿನ ಮನೆ ತಾನೇ? ಒರಗಿದ ನಲ್ಲಿ ದಾಟಿ ಎಡಕ್ಕೆ."

ರುಚಿರಾಯನ ಬೆನ್ನಿನ ಮೇಲೆ ಇರುವೆ ಹರಿದಂತಾಯಿತು. ಒರಗಿದ ನಲ್ಲಿಯನ್ನು ಅವನು ಲೇಖನಕ್ಕೆ ಸೇರಿಸಿದ್ದು ಪುಟ ತುಂಬಲು ಎರಡು ಸಾಲು ಕಡಿಮೆ ಬಿತ್ತೆಂದು.

"ಅದು... ಯಾವಾಗಿನಿಂದ ಇದೆ?"

"ಇನ್ನೂರು ವರ್ಷ. ನಮ್ಮಜ್ಜ ದಿನಾ ಅಲ್ಲೇ ಉಣ್ತಿದ್ದ."

ಕುರ್ಚಿಯಲ್ಲಿದ್ದ ದರ್ಜಿ, ಅರ್ಧ ಗಡ್ಡ ನೊರೆಯಲ್ಲಿರುವಾಗಲೇ ಕಣ್ಣು ಮುಚ್ಚಿ ಹೇಳತೊಡಗಿದ: "'ಆ ಸಾರು ನಾಲಿಗೆಯ ಮೇಲೆ ಏನೂ ಅನ್ನಿಸದು. ನುಂಗಿದ ಮೇಲೆ ಗಂಟಲೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ.'" ಲೇಖನದ ಮೂರನೆಯ ಪ್ಯಾರಾ. ಒಂದಕ್ಷರ ತಪ್ಪಿರಲಿಲ್ಲ. ಉಸಿರು ತೆಗೆದುಕೊಂಡದ್ದೂ ಅಲ್ಪವಿರಾಮ ಇದ್ದ ಕಡೆಯೇ.

ರುಚಿರಾಯ ನಡೆದ. ಹಿಂದೆ ಚಪ್ಪಲಿಗಳ ಸದ್ದು. ತಿರುಗಿ ನೋಡಿದರೆ ಕ್ಷೌರಿಕ, ನೊರೆ ಮೆತ್ತಿದ ದರ್ಜಿ, ಇನ್ನೂ ಹತ್ತಾರು ಮಂದಿ. ಅವನು ನಿಂತರೆ ನಿಲ್ಲುತ್ತಿದ್ದರು. ಅವನು ನಡೆದರೆ ನಡೆಯುತ್ತಿದ್ದರು. ನಲ್ಲಿ ಒರಗಿಯೇ ಇತ್ತು.

ನೀಲಿ ಬಾಗಿಲು ತಳ್ಳಿದ. ಇನ್ನೂರು ವರ್ಷದ ನೀಲಿ ಬಣ್ಣ ಅಂಗೈಗೆ ಹಸಿಯಾಗಿ ಹತ್ತಿತು. ಅಬ್ಬಾ, ಇವರೂ ನಮ್ಮವರೇ, ಕತೆ ಕಟ್ಟುವವರೇ ಎಂದು ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಸಮಾಧಾನವಾಯಿತು ಅವನಿಗೆ. ಪೇಪರು ಓದಿ ಊಟಕ್ಕೆಂದು ಹುಡುಕಿಕೊಂಡು ಬಂದವರಿಗಾಗಿ ಊರಿನವರು ಮನೆಯನ್ನೇ ಕಟ್ಟಿಬಿಟ್ಟಿದ್ದರು.

ಒಳಗೆ ಹೊಗೆ. ಒಲೆಯ ಮುಂದೆ ಅಜ್ಜಿ, ಎಡಗಣ್ಣು ಮುಚ್ಚಿತ್ತು. "ಬಾಪ್ಪಾ. ತಡ ಮಾಡಿದೆ," ಎಂದು ಒಂದು ಬಟ್ಟಲು ಮುಂದಿಟ್ಟಳು.

ಮುಖದಾಕ್ಷಿಣ್ಯಕ್ಕೆ ಒಂದು ಗುಟುಕು ಕುಡಿದ. ಏನೂ ಅನ್ನಿಸಲಿಲ್ಲ. ನುಂಗಿದ.

"ರುಚಿರಾಯಾ."

ಬಟ್ಟಲನ್ನು ಕೆಳಗಿಟ್ಟ. ತಾನು ಯಾರೆಂದು ಅವನು ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಕಚೇರಿಯ ಹೊರಗೆ ಆ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ತುಟಿ ಅಲುಗಿರಲಿಲ್ಲ.

ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. "ಅಜ್ಜಿ, ಒಂದು ಫೋಟೋ. ಇಲ್ಲಿ ಹೀಗೇ ನಿಂತಿರಿ."

ಅಜ್ಜಿ ಫೋನಿಗೆ ಅಂಗೈ ಅಡ್ಡ ಹಿಡಿದಳು. "ಮೊದಲು ಏಳನೇದು ಹೇಳಪ್ಪ. ಬಂದೋರೆಲ್ಲ ಅದನ್ನೇ ಕೇಳ್ತಾರೆ. ಆರು ಹಾಕಿ ಏಳು ಅಂತ ಬಡಿಸೋದು, ದೇವರು ಮೆಚ್ಚೋ ಕೆಲಸವಾ?"

ಕಿಟಕಿಯ ತುಂಬ ಮುಖಗಳು.

"ಶುಂಠಿ," ಎಂದ ರುಚಿರಾಯ.

"ಅದು ಮೊದಲನೇದು ಸ್ವಾಮಿ," ಎಂದ ಕಿಟಕಿಯಾಚೆಯಿಂದ ದರ್ಜಿ. "ಎರಡನೇ ಪ್ಯಾರಾ ನೋಡಿ."

"ಮೂಲಂಗಿ?"

"ಮೂರನೇದು. ಬರೆದೋರು ನೀವೇ, ಓದಿದೋರು ನಾವು ಹೇಳಬೇಕಾ?"

ನಾಲ್ಕೂ ನಲವತ್ತು. ಕಿಟಕಿಯಲ್ಲಿ, ನೀಲಿ ಬಣ್ಣದ ಖಾಲಿ ಡಬ್ಬದೊಳಗೆ ಒಂದು ಗುಲಾಬಿ ಗಿಡ ಕಂಡಿತು. "ಗುಲಾಬಿಯ ಬೇರು," ಎಂದುಬಿಟ್ಟ.

ಹೊರಗೆ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು, ಪದ್ಯದ ಕಡೆಯ ಸಾಲು ಕಿವಿಗೆ ಬಿದ್ದವರಂತೆ. ಅಜ್ಜಿ ಎಡಗಣ್ಣು ತೆರೆದಳು. ಅದಕ್ಕೆ ಏನೂ ಆಗಿರಲಿಲ್ಲ.

"ಪುಣ್ಯಾತ್ಮ," ಎಂದಳು. "ಇದನ್ನ ಸ್ವಲ್ಪ ಹಿಡಿ." ಸೌಟು ಅವನ ಕೈಗೆ ಬಂತು. ಅವನು ಅದನ್ನು ಎಡಗೈಗೆ ಸಾಗಿಸಿ, ಬಲಗೈಯಲ್ಲಿ ಫೋನು ಎತ್ತಿ ಒತ್ತಿದ. ಹೊಗೆ ಸರಿದಾಗ ನೋಡಿದರೆ ಫೋಟೋದಲ್ಲಿ ಒಲೆಯಿತ್ತು, ಪಾತ್ರೆಯಿತ್ತು. ಅಜ್ಜಿ ಇರಲಿಲ್ಲ. ಕೋಣೆಯಲ್ಲೂ ಇರಲಿಲ್ಲ. ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದ ಸದ್ದು. ಓಡಿ ನೀಲಿ ಬಾಗಿಲು ಎಳೆದ. ಅದಕ್ಕೂ ಬಿದ್ದಿತ್ತು.

ಕೈಗೆ ಸಿಕ್ಕಿದ್ದು ಸಾಕೆಂದು ಆ ಫೋಟೋವನ್ನೇ ಕಳಿಸಿದ. ಸಂಪಾದಕರ ಫೋನು ತಕ್ಷಣ ಬಂತು. "ಏನ್ರೀ ಇದು? ಅಡುಗೆಯವರು ಎಲ್ಲಿ?"

"ಈಗ ತಾನೇ ಹೋದ್ರು ಸಾರ್. ನನ್ನ ಒಳಗಿಟ್ಟು ಚಿಲಕ ಹಾಕಿದಾರೆ."

"ಕತೆ ಆಮೇಲೆ ಹೇಳಿ. ಯಜಮಾನರು ಎದುರಿಗೇ ಕೂತಿದಾರೆ. ಇನ್ನು ಹತ್ತು ನಿಮಿಷ. ಒಲೆ ಮುಂದೆ ಯಾರಾದ್ರೂ ನಿಂತಿರಬೇಕು, ಅಷ್ಟೇ."

ಯಾರಾದರೂ ಎಂದರೆ ಯಾರು? ರುಚಿರಾಯ ಅಜ್ಜಿ ಒಲೆಯ ಪಕ್ಕ ಬಿಟ್ಟುಹೋದ ಮಸಿಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಸೌಟು ಪಾತ್ರೆಯಲ್ಲಿಟ್ಟು, ಫೋನನ್ನು ತನ್ನತ್ತ ತಿರುಗಿಸಿ ತೋಳುದ್ದ ಹಿಡಿದು ಒತ್ತಿದ. ಐದಕ್ಕೆ ಮೂರು ನಿಮಿಷ ಇರುವಾಗ ಫೋಟೋ ಹೋಯಿತು.

"ಭೇಷ್," ಎಂದರು ಸಂಪಾದಕರು. "ಯಜಮಾನರಿಗೆ ಒಪ್ಪಿಗೆ. ನಾಳೆ ಮೊದಲ ಪುಟ. ನಿಮ್ಮ ಕುರ್ಚಿಗೆ ಇನ್ನು ಭಯವಿಲ್ಲ. ಬರೆದ ಹಾಗೇ ಎಡಗಣ್ಣು ಮುಚ್ಚಿದೀರಲ್ಲ, ಅದಂತೂ ಸೊಗಸು."

"ನಾನು ಕಣ್ಣು ಮುಚ್ಚಿಲ್ಲ ಸಾರ್," ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅವನು ಬಾಗಿಲು ಬಡಿದ. "ತೆಗೀರಪ್ಪಾ, ರೈಲಿಗೆ ಹೊತ್ತಾಯ್ತು. ನನ್ನ ಕುರ್ಚಿ ಉಳೀತು, ನಾನು ಹೋಗಿ ಕೂತ್ಕೋಬೇಕು."

ಆಚೆಯಿಂದ ಕ್ಷೌರಿಕನ ದನಿ, ಬಲು ವಿನಯದಿಂದ ಬಂತು. "ಅದೆಂಗಾಗತ್ತೆ ಸ್ವಾಮಿ? ಬಲ್ಲವರು ಒಲೆ ಬಿಟ್ಟು ಹೋಗಲ್ಲ ಅಂತ ಬರೆದಿದೀರಿ. ನಾಳೆ ಫೋಟೋನೂ ಬರತ್ತೆ. ಪೇಪರಲ್ಲಿ ಬಂದದ್ದು ಸುಳ್ಳಾಗಬಾರದು."

ಹೊರಗೆ ಊಟಕ್ಕೆ ಬೆಂಚುಗಳನ್ನು ಎಳೆದು ಸಾಲು ಹಾಕುವ ಸದ್ದಾಯಿತು. ಕಿಟಕಿಯ ಕಂಬಿಗಳ ಸಂದಿನಿಂದ ಗುಲಾಬಿ ಗಿಡ ಬೇರುಸಹಿತ ಒಳಗೆ ಬಂದು ಬಿತ್ತು.